ನಾಲ್ಕು ಗಂಟೆ ಗ್ಯಾಪ್ ಧಾರಾಳ ಅಂದುಕೊಂಡಿದ್ದೆ

ಎರಡು ವಿಮಾನಗಳಿಗೆ ಬೇರೆ ಬೇರೆ ಟಿಕೆಟ್ ತಗೊಂಡರೆ ದುಡ್ಡು ಉಳಿಯುತ್ತದೆ ಅಂತ ಲೆಕ್ಕ ಹಾಕುತ್ತಿದ್ದೀರಾ? ನಾನೂ ಹಾಕಿದ್ದೆ. ಉಳಿಸಿದ್ದರ ಮೂರು ಪಟ್ಟು ಕೈಬಿಟ್ಟು ಹೋಯಿತು.

ಮೊದಲ ವಿಮಾನ ಒಂದು ಕಂಪನಿಯದು, ಎರಡನೆಯದು ಇನ್ನೊಂದರದು. ನಡುವೆ ನಾಲ್ಕು ಗಂಟೆ ಹತ್ತು ನಿಮಿಷ. ಒಂದೇ ಟಿಕೆಟ್‌ನಲ್ಲಿ ಹೋಗುವವರಿಗೆ ಅದೇ ಏರ್‌ಪೋರ್ಟ್‌ನಲ್ಲಿ ಒಂದೂವರೆ ಗಂಟೆ ಸಾಕಾಗುತ್ತಿತ್ತು. ನನಗೇನು ಕಷ್ಟ ಅಂದುಕೊಂಡೆ. ಎಡವಿದ್ದು ಅಲ್ಲೇ. ಅವರ ಬ್ಯಾಗ್ ತಾನಾಗಿ ಮುಂದಿನ ವಿಮಾನಕ್ಕೆ ಹೋಗುತ್ತದೆ, ಅವರು ಒಳಗಿಂದ ಒಳಗೇ ನಡೆದು ಗೇಟ್ ಸೇರುತ್ತಾರೆ. ನಾನು ಇಮಿಗ್ರೇಷನ್ ದಾಟಿ, ಬ್ಯಾಗ್ ಎತ್ತಿಕೊಂಡು, ಹೊರಗೆ ಬಂದು, ಮತ್ತೆ ಮೊದಲಿನಿಂದ ಚೆಕ್-ಇನ್ ಮಾಡಬೇಕಿತ್ತು. ಹೊರಡುವಾಗಲೇ ಎರಡೂ ಟಿಕೆಟ್ ತೋರಿಸಿ, ಬ್ಯಾಗನ್ನು ಕೊನೆವರೆಗೂ ಕಳಿಸಿ ಅಂತ ಕೇಳಿದ್ದೆ. ಆಗಲ್ಲ ಅಂದರು. ಟ್ಯಾಗ್ ಮೇಲೆ ನಡುವಿನ ಊರಿನ ಮೂರಕ್ಷರದ ಕೋಡ್ ಮಾತ್ರ ಇತ್ತು. (ಹೀಗೆ ಹೊರಗೆ ಬರಲು ಆ ದೇಶದ ವೀಸಾ ಕೂಡ ಬೇಕಾಗಬಹುದು. ನನ್ನ ಹತ್ತಿರ ಇತ್ತು, ಪುಣ್ಯ.)

ಮೊದಲ ವಿಮಾನ ಎರಡು ಗಂಟೆ ತಡವಾಯಿತು. ಇಮಿಗ್ರೇಷನ್ ಕ್ಯೂ 40 ನಿಮಿಷ ತಿಂದಿತು. ಬೆಲ್ಟ್ ಮೇಲೆ ಅದೇ ನೀಲಿ ಸೂಟ್‌ಕೇಸ್ ನಾಲ್ಕು ಸಲ ಸುತ್ತಿ ಬಂತು, ನನ್ನದು ಬರಲಿಲ್ಲ. ಬಂದ ಮೇಲೆ ಟರ್ಮಿನಲ್ ಬದಲಿಸಲು ಬಸ್. ಕೌಂಟರ್ ಮುಟ್ಟಿದಾಗ ವಿಮಾನ ಹೊರಡಲು 35 ನಿಮಿಷ ಇತ್ತು. ಕೌಂಟರ್ ಮುಚ್ಚಿದ್ದು 60 ನಿಮಿಷ ಮುಂಚೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು, ಆದರೆ ಅವರ ಲೆಕ್ಕದಲ್ಲಿ ನಾನು ಸುಮ್ನೆ ತಡವಾಗಿ ಬಂದ ಪ್ರಯಾಣಿಕ. ಮೊದಲ ಕಂಪನಿಯವರು, ನಿಮ್ಮನ್ನು ಈ ಊರಿಗೆ ತಲುಪಿಸಿದ್ದೇವಲ್ಲ ಅಂದರು. ಇಬ್ಬರು ಹೇಳಿದ್ದೂ ಸರಿಯೇ, ಅದೇ ಹೊಟ್ಟೆ ಉರಿಸುವ ವಿಷಯ. ಒಂದೇ ಟಿಕೆಟ್ ಆಗಿದ್ದರೆ ಮುಂದಿನ ವಿಮಾನದಲ್ಲಿ ಕೂರಿಸುವ ಹೊಣೆ ವಿಮಾನ ಕಂಪನಿಯದೇ ಆಗಿರುತ್ತಿತ್ತು. ವಿಮಾನ ತಡವಾದರೆ ಪರಿಹಾರ ಕೊಡಿಸುವ ಯೂರೋಪಿಯನ್ ಒಕ್ಕೂಟದ 261/2004 ನಿಯಮದಲ್ಲೂ ಹಾಗೇ: ಒಂದೇ ಬುಕಿಂಗ್ ಇದ್ದರೆ ಕೊನೆಯ ಊರಿಗೆ ಎಷ್ಟು ತಡವಾಯಿತು ಅಂತ ನೋಡುತ್ತಾರೆ.

ಆ ಹೊತ್ತಿನಲ್ಲಿ ಸಿಕ್ಕ ರೇಟಿಗೆ ಹೊಸ ಟಿಕೆಟ್ ತಗೊಂಡೆ. ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಇಲ್ಲ.

ಎರಡನೇ ಟಿಕೆಟ್ ಹೋಗಿ ಬರುವ ಟಿಕೆಟ್ ಆಗಿತ್ತು. ಎರಡು ವಾರ ಬಿಟ್ಟು ವಾಪಸ್ ಹೊರಟಾಗ ನನ್ನ ಬುಕಿಂಗೇ ಸಿಗಲಿಲ್ಲ. ಹೋಗುವಾಗ ಹತ್ತದೇ ಇದ್ದಿದ್ದಕ್ಕೆ 'ನೋ ಶೋ' ಅಂತ ಬರೆದು, ವಾಪಸ್ ಸೀಟನ್ನೂ ರದ್ದು ಮಾಡಿದ್ದರು. ಷರತ್ತುಗಳಲ್ಲಿ ಅದು ಇತ್ತು. ಯಾರು ಓದುತ್ತಾರೆ, ಅಲ್ವಾ?

ಬುಕಿಂಗ್ ಸೈಟ್‌ಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಒಂದೇ ಪುಟದಲ್ಲಿ ತೋರಿಸಿ, ಒಂದೇ ಸಲ ದುಡ್ಡು ತಗೊಂಡು, ಒಳಗೆ ಎರಡು ಟಿಕೆಟ್ ಮಾಡುವುದುಂಟು. 'ಸೆಲ್ಫ್ ಟ್ರಾನ್ಸ್‌ಫರ್' ಅಂತ ಸಣ್ಣಕ್ಷರದಲ್ಲಿ ಇದ್ದರೆ ಅದೇ ಅರ್ಥ. ದುಡ್ಡು ಕಟ್ಟಿದ ಮೇಲೆ 13 ಅಂಕಿಯ ಇ-ಟಿಕೆಟ್ ನಂಬರ್ ನೋಡಿ. ಎರಡೂ ವಿಮಾನ ಒಂದೇ ನಂಬರ್ ಕೆಳಗೆ ಇದ್ದರೆ ನೆಮ್ಮದಿ.

ನಾನು ಈಗಲೂ ಒಮ್ಮೊಮ್ಮೆ ಬೇರೆ ಬೇರೆ ಟಿಕೆಟ್ ತಗೊಳ್ಳುತ್ತೇನೆ. ಆದರೆ ಕೈಯಲ್ಲಿ ಹಿಡಿಯುವ ಬ್ಯಾಗ್ ಮಾತ್ರ, ನಡುವೆ ಒಂದು ರಾತ್ರಿ, ವಾಪಸ್ ಟಿಕೆಟ್ ಪ್ರತ್ಯೇಕ. ಆ ರಾತ್ರಿಯ ರೂಮ್ ಖರ್ಚನ್ನೂ ಸೇರಿಸಿ ಕೂಡಿದರೆ, ಹೆಚ್ಚಿನ ಸಲ ಒಂದೇ ಟಿಕೆಟ್ಟೇ ಅಗ್ಗ ಬೀಳುತ್ತಿದೆ.