ಡಿಜಿಟಲ್ ಮಿಕ್ಸರ್‌ಗೆ ಕೇಬಲ್ಲೋ, ವೈಫೈಯೋ?

ಕಾರ್ಯಕ್ರಮದಲ್ಲಿ ಮೈಕ್, ವಾದ್ಯಗಳ ಧ್ವನಿ ಹೊಂದಿಸುವ ಡಿಜಿಟಲ್ ಮಿಕ್ಸರನ್ನು ಟ್ಯಾಬ್ಲೆಟ್ ಅಥವಾ ಲ್ಯಾಪ್‌ಟಾಪ್‌ನಿಂದ ನಡೆಸಲು ಮಿಕ್ಸರ್‌ನ ಒಳಗೇ ಇರುವ ವೈಫೈ, ಬೇರೆ ರೂಟರ್, ನೇರ ನೆಟ್‌ವರ್ಕ್ ಕೇಬಲ್: ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ ಒಳಗಿನ ವೈಫೈಗೆ ಏನೂ ಇಲ್ಲ. ತೊಂದರೆ ಶುರುವಾಗುವುದು ಸಭಾಂಗಣ ತುಂಬಿದಾಗ. 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಜನರ ಫೋನ್‌ಗಳೂ ಬ್ಲೂಟೂತೂ ಗಿಜಿಗುಡುತ್ತವೆ. ರಿಹರ್ಸಲ್‌ನಲ್ಲಿ ಚೆನ್ನಾಗಿದ್ದ ಫೇಡರ್ (ಧ್ವನಿ ಏರಿಸಿ ಇಳಿಸುವ ಜಾರುಗುಂಡಿ) ಈಗ ತಡವರಿಸುತ್ತದೆ. ಅಭ್ಯಾಸದ ಕೋಣೆಗೆ ಮಾತ್ರ ಸಾಕು.

ವೇದಿಕೆ ಮೇಲೆ ಓಡಾಡುತ್ತಾ ಮಾನಿಟರ್ (ಕಲಾವಿದರಿಗೆ ತಮ್ಮ ಧ್ವನಿ ಕೇಳಿಸುವ ಸ್ಪೀಕರ್) ಹೊಂದಿಸುವವರಿಗೆ 5 ಗಿಗಾಹರ್ಟ್ಸ್ ರೂಟರ್ ಒಳ್ಳೆಯದು. ಅದನ್ನು ಜನರ ತಲೆಗಿಂತ ಎತ್ತರದಲ್ಲಿಡಿ, ಮೈಗಳೇ ಸಿಗ್ನಲ್ ಹೀರುತ್ತವೆ.

ಒಂದೇ ಕಡೆ ಕೂತು ನಡೆಸುವವರಿಗೆ ಕೇಬಲ್‌ನಷ್ಟು ನಿಶ್ಚಿಂತೆ ಬೇರೆಯದಿಲ್ಲ. ತಾಮ್ರದ ಕೇಬಲ್ ಆದರೆ 100 ಮೀಟರ್ ಒಳಗಿರಲಿ, ದಾರಿಯಲ್ಲಿ ಟೇಪ್ ಹಚ್ಚಿ.

ಕರೆಂಟಿನ ವಿಷಯದಲ್ಲಿ ರೂಟರ್‌ಗೆ ಒಂದು ಕೆಲಸ ಜಾಸ್ತಿ: ಅದನ್ನೂ ಮಿಕ್ಸರ್‌ನ ಯುಪಿಎಸ್‌ಗೇ ಹಾಕಿ. ಇಲ್ಲದಿದ್ದರೆ ಕರೆಂಟ್ ಮಿನುಗಿದಾಗ ಸದ್ದು ಬರುತ್ತಲೇ ಇರುತ್ತದೆ, ಮೈಕ್ ಕೂಗಿದರೂ ರೂಟರ್ ಮತ್ತೆ ಏಳುವವರೆಗೆ ಟ್ಯಾಬ್ಲೆಟ್‌ನಿಂದ ತಗ್ಗಿಸಲಾಗದು. ಅಂದ ಹಾಗೆ, ಸ್ಪೀಕರ್‌ನಲ್ಲಿ ಹಮ್ (ಗುಂಯ್ ಎನ್ನುವ ಸದ್ದು) ಬಂತೆಂದು ಅರ್ಥ್ ಪಿನ್ ಮಾತ್ರ ಕೀಳಬೇಡಿ, ಜೀವಕ್ಕೆ ಅಪಾಯ.