ನಂದಿ ಗ್ರಾಮದ ವಾಸ್ತುಶಿಲ್ಪ ನಡಿಗೆ: ದೇವಸ್ಥಾನದ ಭಾಗಕ್ಕೆ ಖಂಡಿತ ಹೋಗಿ, ಬೆಟ್ಟದ ಭಾಗ ಬಿಡಿ

ಚಿಕ್ಕಬಳ್ಳಾಪುರದಿಂದ ಭಾನುವಾರ ಹೊರಡುವ ಈ ಅರ್ಧ ದಿನದ ನಡಿಗೆಯಲ್ಲಿ ಎರಡು ಭಾಗ. ಬೆಳಿಗ್ಗೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ. ಆಮೇಲೆ ಟೆಂಪೊ ಟ್ರಾವೆಲರ್‌ನಲ್ಲಿ ನಂದಿ ಬೆಟ್ಟ ಹತ್ತಿ ಯೋಗನಂದೀಶ್ವರ ಮತ್ತು ಟಿಪ್ಪುವಿನ ಬೇಸಿಗೆ ಅರಮನೆ. ಮೊದಲನೆಯದು ನಮ್ಮ ಭಾಗದಲ್ಲಿ ಇಂಥ ಕಾರ್ಯಕ್ರಮ ಹೇಗಿರಬೇಕು ಅನ್ನುವುದಕ್ಕೆ ಒಳ್ಳೆಯ ಮಾದರಿ. ಎರಡನೆಯದರಲ್ಲಿ ಸಮಯವೆಲ್ಲ ರಸ್ತೆಯಲ್ಲೇ ಹೋಗುತ್ತದೆ.

ಗೈಡ್ ಸ್ಥಳಪುರಾಣದಿಂದ ಶುರು ಮಾಡುವುದಿಲ್ಲ, ಅಧಿಷ್ಠಾನದಿಂದ, ಅಂದರೆ ಗುಡಿ ನಿಂತಿರುವ ಕಲ್ಲಿನ ಪೀಠದಿಂದ, ಶುರು ಮಾಡುತ್ತಾರೆ. ಅದೇ ಸರಿ. ಪೂರ್ವಕ್ಕೆ ಮುಖ ಮಾಡಿ ಎರಡು ದೊಡ್ಡ ಗುಡಿಗಳು ಅಕ್ಕಪಕ್ಕ ನಿಂತಿವೆ: ದಕ್ಷಿಣಕ್ಕೆ ಅರುಣಾಚಲೇಶ್ವರ, ಉತ್ತರಕ್ಕೆ ಭೋಗನಂದೀಶ್ವರ. ಈ ದೇವಸ್ಥಾನದ ಬಗ್ಗೆ ಸಿಗುವ ಹಳೆಯ ಶಾಸನ ಕ್ರಿ.ಶ. 806ರದು, ನೊಳಂಬರ ಕಾಲದ್ದು. ಆಮೇಲೆ ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು, ಈ ಭಾಗದ ಪಾಳೆಯಗಾರರಾದ ಆವತಿಯ ಗೌಡರು ಒಬ್ಬರಾದ ಮೇಲೊಬ್ಬರು ಬಂದರು. ಕೈಗೆ ಕೊಡುವ ನಕ್ಷೆಯಲ್ಲಿ ಕಾಲಕ್ಕೊಂದು ಬಣ್ಣ ಹಾಕಿದ್ದಾರೆ; ಯಾವ ಮಂಟಪ ಯಾವಾಗಿನದು ಎಂದು ತಟ್ಟನೆ ತಿಳಿಯುತ್ತದೆ. ಆದರೆ ಅದರಲ್ಲಿ ಉತ್ತರ ದಿಕ್ಕಿನ ಬಾಣವೇ ಇಲ್ಲ. ಒಂದೇ ತರಹದ ಎರಡು ಗುಡಿಗಳಿರುವ ಕಡೆ ಇದು ಸಣ್ಣ ಕೊರತೆಯಲ್ಲ, ಹೊಸಬರು ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ಅರುಣಾಚಲೇಶ್ವರವನ್ನೇ ಭೋಗನಂದೀಶ್ವರ ಅಂದುಕೊಳ್ಳುತ್ತಾರೆ.

ಇಡೀ ನಡಿಗೆಯಲ್ಲಿ ಅತ್ಯುತ್ತಮವಾದದ್ದು ಎರಡು ಗುಡಿಗಳನ್ನು ಜೋಡಿಸುವ ಗೋಡೆಯ ಮುಂದೆ ನಿಲ್ಲುವ ಹೊತ್ತು. ಆವತಿ ಗೌಡರ ಕಾಲದಲ್ಲಿ ಕಟ್ಟಿದ ಈ ಗೋಡೆಯನ್ನು ಹಳೆಯ ಗುಡಿಗಳಿಂದ ಬೇರೆ ಮಾಡಿ ಗುರುತಿಸುವುದು ಬಹಳ ಕಷ್ಟ, ಅಷ್ಟು ಜೋಪಾನವಾಗಿ ಹೊಂದಿಸಿದ್ದಾರೆ. ಹುಡುಕುವ ಕ್ರಮ ಹೀಗೆ. ಕುಮುದದ, ಅಂದರೆ ಅಧಿಷ್ಠಾನದ ಉಬ್ಬು ಪಟ್ಟಿಯ, ಅಂಚಿನ ಮೇಲೆ ಕಣ್ಣಿಟ್ಟು ನಿಧಾನವಾಗಿ ಸಾಗಿ, ಎತ್ತರ ಎಲ್ಲಾದರೂ ಬೆರಳಗಲ ಏರುಪೇರಾಗಿದೆಯೇ ನೋಡಿ. ಅರೆಗಂಬಗಳ (ಗೋಡೆಗೆ ಅಂಟಿದಂತೆ ಕೆತ್ತಿದ ಕಂಬಗಳ) ನಡುವಿನ ಅಂತರ ಬದಲಾಗಿದೆಯೇ ನೋಡಿ. ಕೊನೆಗೆ ಕಲ್ಲಿನ ಸಂದು ನೋಡಿ. ಒಂದೇ ಸಲ ಕಟ್ಟಿದ ಗೋಡೆಯಲ್ಲಿ ಕೆಳಗಿನ ಕಲ್ಲುಸಾಲಿನ ಸಂದಿನ ಮೇಲೆ ಇನ್ನೊಂದು ಕಲ್ಲಿನ ಮೈ ಕೂತಿರುತ್ತದೆ. ಸಂದು ಮೇಲಿಂದ ಕೆಳಗೆ ನೇರ ಗೆರೆಯಾಗಿ ಇಳಿದಿದ್ದರೆ ಅಲ್ಲಿ ಎರಡು ಕಾಲದ ಕೆಲಸ ಸೇರಿರಬಹುದು. ಇದೊಂದು ಕಲಿತರೆ ಯಾವ ಊರಿಗೆ ಹೋದರೂ ಹಳೆಯ ಕಟ್ಟಡಕ್ಕೆ ಆಮೇಲೆ ಏನು ಸೇರಿಸಿದ್ದಾರೆ ಎಂದು ಅಂದಾಜು ಮಾಡಬಹುದು. ಗೈಡ್ ಉತ್ತರ ಹೇಳದೆ ಜನರಿಗೇ ಹುಡುಕಲು ಬಿಡುತ್ತಾರೆ, ಅದು ಬಹಳ ಮೆಚ್ಚಬೇಕಾದ ವಿಷಯ.

ಜಾಲಂಧ್ರಗಳ, ಅಂದರೆ ಕಲ್ಲಿನಲ್ಲಿ ಕೊರೆದ ಕಿಟಕಿಗಳ, ವಿಷಯದಲ್ಲಿ ಎಡವಿದ್ದಾರೆ. ಅರುಣಾಚಲೇಶ್ವರದ ದಕ್ಷಿಣ ಗೋಡೆಯಲ್ಲಿ ನಾಟ್ಯವಾಡುವ ಶಿವ, ಭೋಗನಂದೀಶ್ವರದ ಉತ್ತರ ಗೋಡೆಯಲ್ಲಿ ಕೋಣನ ತಲೆಯ ಮೇಲೆ ನಿಂತ ದುರ್ಗೆ. ಎರಡೂ ಕಿಟಕಿಯ ಕಲ್ಲನ್ನೇ ಕೊರೆದು ಮಾಡಿದವು. ದಕ್ಷಿಣದ್ದಕ್ಕೆ ಚಳಿಗಾಲದ ಬೆಳಿಗ್ಗೆ ಓರೆ ಬಿಸಿಲು ಬಿದ್ದು ಒಂದೊಂದು ಮಡಿಕೆಯೂ ಎದ್ದು ಕಾಣುತ್ತದೆ. ಉತ್ತರದ ಗೋಡೆಗೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೇ ವಾರದವರೆಗೆ ನೇರ ಬಿಸಿಲೇ ಇಲ್ಲ. ಆಗ ಮೊಬೈಲ್ ಟಾರ್ಚನ್ನು ಎದುರಿನಿಂದ ಹಿಡಿದು ತೋರಿಸುತ್ತಾರೆ. ಎದುರು ಬೆಳಕಿಗೆ ನೆರಳು ಹುಟ್ಟುವುದಿಲ್ಲ, ದುರ್ಗೆ ಚಪ್ಪಟೆಯಾಗಿಬಿಡುತ್ತಾಳೆ. ಟಾರ್ಚನ್ನು ಗೋಡೆಗೆ ಹೆಚ್ಚುಕಡಿಮೆ ಒರಗಿಸಿ, ಕೆತ್ತನೆಗೆ ಒಂದಡಿ ದೂರದಿಂದ ಪಕ್ಕಕ್ಕೆ ಬೆಳಕು ಹಾಯಿಸಬೇಕು. ಸವೆದ ಶಾಸನದ ಅಕ್ಷರ ಓದುವುದಕ್ಕೂ ಇದೇ ದಾರಿ. ಅಕ್ಷರ ಕಾಣಲಿ ಎಂದು ಸೀಮೆಸುಣ್ಣ, ಎಣ್ಣೆ ಬಳಿಯುವುದು ಯಾವ ಕಾರಣಕ್ಕೂ ಕೂಡದು.

ಎರಡು ಗುಡಿಗಳ ನಡುವಿನ ಕಲ್ಯಾಣ ಮಂಟಪವನ್ನು ಗೈಡ್ ಖಚಿತವಾಗಿ ಹೊಯ್ಸಳರದು ಅನ್ನುತ್ತಾರೆ. ವಿದ್ವಾಂಸರಲ್ಲಿ ಅದನ್ನು ವಿಜಯನಗರದ ಕಾಲಕ್ಕೆ ಹಾಕುವವರೂ ಇದ್ದಾರೆ. ಎರಡೂ ಮಾತು ಹೇಳುವುದು ನ್ಯಾಯ. ಕಪ್ಪು ಕಂಬಗಳ ಮೇಲೆ ಶಿವ-ಪಾರ್ವತಿ, ಬ್ರಹ್ಮ-ಸರಸ್ವತಿ, ವಿಷ್ಣು-ಲಕ್ಷ್ಮಿ, ಅಗ್ನಿ-ಸ್ವಾಹಾದೇವಿ, ಸುತ್ತ ಬಳ್ಳಿ, ಹಕ್ಕಿ. ಇಷ್ಟು ಚಿಕ್ಕ ಜಾಗಕ್ಕೆ ಇಪ್ಪತ್ತು ಜನ ನುಗ್ಗಿದರೆ ಹಿಂದಿನವರಿಗೆ ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ. ಒಂದು ತಂಡಕ್ಕೆ ಹತ್ತು ಜನ ಸಾಕು. ವಾರದ ದಿನ ಸಣ್ಣ ತಂಡ ಕರೆದೊಯ್ಯುತ್ತೀರಾ ಎಂದು ಮೊದಲೇ ಕೇಳಿಕೊಳ್ಳಿ.

ಶೃಂಗಿ ತೀರ್ಥಕ್ಕೆ ಹತ್ತೇ ನಿಮಿಷ ಕೊಡುತ್ತಾರೆ. ನಾಲ್ಕೂ ಕಡೆ ಮೆಟ್ಟಿಲು, ಸುತ್ತ ಕಂಬಸಾಲು ಇರುವ ವಿಜಯನಗರ ಕಾಲದ ಈ ಕಲ್ಯಾಣಿಗೆ ಅರ್ಧ ಗಂಟೆಯಾದರೂ ಬೇಕು.

ಬೆಟ್ಟದ ಮೇಲೆ ನೋಡುವಂಥದ್ದು ಇಲ್ಲ ಎಂದಲ್ಲ. ಭಾನುವಾರ ನಸುಕಿನಿಂದಲೇ ಬೆಂಗಳೂರಿನ ವಾಹನಗಳು ಸಾಲುಗಟ್ಟುತ್ತವೆ. ಮೇಲೆ ತಲುಪುವಷ್ಟರಲ್ಲಿ ಕಟ್ಟಡ ನೋಡುವ ಬೆಳಕೂ ಮುಗಿದಿರುತ್ತದೆ, ಜನರ ತಾಳ್ಮೆಯೂ.

ಹೋಗುವವರು ದಪ್ಪ ಕಾಲುಚೀಲ ಇಟ್ಟುಕೊಳ್ಳಿ; ಚಪ್ಪಲಿ ಹೊರಗೆ ಬಿಡಬೇಕು, ಹನ್ನೊಂದರ ಮೇಲೆ ಅಂಗಳದ ಹಾಸುಗಲ್ಲು ಕಾಲು ಸುಡುತ್ತದೆ. ಟ್ರೈಪಾಡ್ ತರಬೇಡಿ, ಪುರಾತತ್ವ ಇಲಾಖೆಯ ಅನುಮತಿ ಬೇಕಾಗುತ್ತದೆ.

ಆಯೋಜಕರಲ್ಲಿ ಒಂದು ಕೋರಿಕೆ: ಬೆಟ್ಟ ಕೈಬಿಟ್ಟು, ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಇರುವ ರಂಗಸ್ಥಳದ ರಂಗನಾಥ ದೇವಸ್ಥಾನ ಸೇರಿಸಿ. ಕೋಲಾರ ಪೇಟೆಗೂ ಇಂಥದ್ದೇ ಬೇರೆ ನಡಿಗೆ ಮಾಡಿ. ಅಲ್ಲಿ ಚೋಳ ಶಾಸನಗಳಿರುವ ಕೋಲಾರಮ್ಮನ ಗುಡಿ, ವಿಜಯನಗರ ಕಾಲದ ಸೋಮೇಶ್ವರ ಎರಡೂ ನಡೆದು ಹೋಗುವಷ್ಟು ಹತ್ತಿರ. ಸೋಮೇಶ್ವರದ ಗೋಪುರದಲ್ಲಿ ಬುಡ ಕಲ್ಲಿನದು, ಮೇಲಿನ ಅಂತಸ್ತುಗಳು ಇಟ್ಟಿಗೆ-ಗಾರೆಯವು. ಭಾರ ಇಳಿಸಲು ಹಾಗೆ ಮಾಡುತ್ತಿದ್ದರೆಂದು ಅಲ್ಲೇ ನಿಂತು ವಿವರಿಸಬಹುದು.