ಹೊಸ ಕ್ಲಚ್ ಪ್ಲೇಟ್ ಹಾಕ್ಸಿದ್ರೂ ಗಾಡಿ ಎಳೀತಿತ್ತು, ಕೊನೆಗೆ ಸರಿ ಮಾಡಿದ್ದು ಪಿ.ಬಿ. ರೋಡ್ ಪಕ್ಕದ ಈ ಚಿಕ್ಕ ಗ್ಯಾರೇಜು

ದಿನಾ ದಾವಣಗೆರೆಯಿಂದ ಹರಿಹರಕ್ಕೆ ಹೋಗಿಬರೋನು ನಾನು, ಗಾಡಿ ಒಂಬತ್ತು ವರ್ಷದ 150 ಸಿಸಿ ಬೈಕು. ಎರಡು ತಿಂಗಳಿಂದ ಒಂದೇ ಕಾಟ, ಕ್ಲಚ್ ಪೂರ್ತಿ ಹಿಡಿದ್ರೂ ಬಿಡ್ತಿರ್ಲಿಲ್ಲ. ಗಾಂಧಿ ಸರ್ಕಲ್ ಸಿಗ್ನಲಲ್ಲಿ ಫಸ್ಟ್ ಗೇರಲ್ಲಿ ನಿಂತ್ರೆ ಗಾಡಿ ತಾನೇ ಮುಂದಕ್ಕೆ ಎಳೆಯೋದು, ಬ್ರೇಕ್ ಒತ್ತಿದ್ರೆ ಇಂಜಿನ್ ಆಫ್, ನ್ಯೂಟ್ರಲ್ ಅಂತೂ ನಿಂತಲ್ಲಿ ಬೀಳ್ತಾನೇ ಇರ್ಲಿಲ್ಲ, ಒಂದಿನ ಮುಂದೆ ಒಬ್ರು ಅಜ್ಜಿ ರೋಡ್ ದಾಟ್ತಿದ್ರು, ಗಾಡಿ ಒಂದು ಮೊಳ ಮುಂದಕ್ಕೆ ಹೋಯ್ತು ನೋಡ್ರಿ, ಅವತ್ತು ನಿಜವಾಗ್ಲೂ ಭಯ ಆಯ್ತು.

ಮೊದ್ಲು ತೋರ್ಸಿದ್ದು ಬೇರೆ ಕಡೆ, ಹೆಸ್ರು ಬೇಡ. ಅಲ್ಲಿ ಕೇಬಲ್ ಪೂರ್ತಿ ಟೈಟ್ ಮಾಡಿ ಕಳ್ಸಿದ್ರು, ಎರಡು ದಿನ ಪರ್ವಾಗಿಲ್ಲ ಅನ್ನಿಸ್ತು, ಮತ್ತೆ ಅದೇ ಕಥೆ. ಆಮೇಲೆ ಪ್ಲೇಟ್ ಹೋಗಿದಾವೆ ಅಂತ ಹೊಸ ಸೆಟ್ ಹಾಕಿ 1,600 ರೂಪಾಯಿ ತಗೊಂಡ್ರು, ಆದ್ರೂ ಎಳೆಯೋದು ನಿಲ್ಲಲಿಲ್ಲ.

ಆಫೀಸಿನ ಅಣ್ಣ ಒಬ್ರು ಹೇಳಿದ್ಮೇಲೆ ಇಲ್ಲಿಗೆ ಬಂದೆ. ಪಿ.ಬಿ. ರೋಡಿಂದ ಒಳಗೆ ಒಂದು ಗಲ್ಲಿ, ಬೋರ್ಡೂ ಇಲ್ಲ, ಒಬ್ರು ಮೇಸ್ತ್ರಿ ಒಬ್ಬ ಹುಡುಗ. ನನಗೆ ಹಿಡಿಸಿದ್ದು ಏನಂದ್ರೆ ಸ್ಪ್ಯಾನರ್ ಮುಟ್ಟೋಕೆ ಮೊದ್ಲು ಹತ್ತು ನಿಮಿಷ ಬರೀ ಕೇಳಿದ್ರು. "ಬೆಳಿಗ್ಗೆ ತಣ್ಣಗಿದ್ದಾಗ ಜಾಸ್ತಿನೋ, ಕಾದ್ಮೇಲೆ ಜಾಸ್ತಿನೋ ಸರ್?" ಅಂದ್ರು. ಬೆಳಿಗ್ಗೆ ಮಾತ್ರ ಗೇರ್ ಹಾಕಿದಾಗ ಕಟ್ ಅಂದು, ಕಾದ್ಮೇಲೆ ಸರಿಹೋದ್ರೆ ಅದು ಆಯಿಲ್ ದಪ್ಪ ಆಗಿ ಪ್ಲೇಟ್ ಅಂಟೋದಂತೆ, ಅಷ್ಟಕ್ಕೆಲ್ಲ ಇಂಜಿನ್ ಬಿಚ್ಚಬಾರ್ದಂತೆ. ನಂದು ಎರಡೂ ಹೊತ್ತು ಒಂದೇ ಥರ ಇತ್ತು.

ಆಮೇಲೆ ಲಿವರ್ ನೋಡಿದ್ರು, ತುದೀಲಿ ಒಂಚೂರೂ ಆಟ ಇಲ್ಲ, ಅಂದ್ರೆ ಕೇಬಲ್ ಎಳೆಯೋಕೆ ಮೊದ್ಲು ಲಿವರ್ ಸುಮ್ನೆ ಅಲ್ಲಾಡೋ ಜಾಗ. ನನ್ ಗಾಡಿಗೆ 10ರಿಂದ 15 ಮಿಲಿಮೀಟರ್ ಖಾಲಿ ಆಟ ಇರ್ಬೇಕು, ಜಾಸ್ತಿ ಆದ್ರೆ ಕ್ಲಚ್ ಬಿಡಲ್ಲ, ಇಲ್ವೇ ಇಲ್ಲ ಅಂದ್ರೆ ಪ್ಲೇಟ್ ಪೂರ್ತಿ ಹಿಡಿಯದೆ ಜಾರಿ ಸುಟ್ಟು ಹೋಗ್ತಾವೆ, ಅಂದ್ರೆ ಮೊದಲ್ನೋರು ಟೈಟ್ ಮಾಡಿ ಇನ್ನೊಂದು ತೊಂದ್ರೆಗೆ ದಾರಿ ಮಾಡಿದ್ರು. ಕೇಬಲ್ ಬಿಚ್ಚಿ ಕೈಯಲ್ಲಿ ಎಳೆದು ನೋಡಿದ್ರು, ಲಿವರ್ ಹತ್ರ ನಾಲ್ಕೈದು ಎಳೆ ಹರಿದಿತ್ತು, ಹೊಸದು ಹಾಕಿ ಆಟ ಸರಿ ಮಾಡಿದ್ರು. ಆಯಿಲ್ ಮಟ್ಟನೂ ನೋಡಿದ್ರು, ಮೇಲಿನ ಗೆರೆ ದಾಟಿದ್ರೂ ಕ್ಲಚ್ ಎಳೆಯುತ್ತಂತೆ, ನಂಗೆ ಗೊತ್ತೇ ಇರ್ಲಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಫಸ್ಟ್ ಗೇರಲ್ಲಿ ಕ್ಲಚ್ ಹಿಡಿದು, ಹಿಂದಿನ ಬ್ರೇಕ್ ಒತ್ತಿ ತೋರ್ಸಿದ್ರು. ಚಕ್ರ ಸುಮ್ನೆ ತಿರುಗಿದ್ರೆ ತಲೆ ಕೆಡಿಸ್ಕೋಬೇಡಿ, ಆಯಿಲಿನ ಎಳೆತಕ್ಕೆ ತಿರುಗುತ್ತೆ, ಬ್ರೇಕ್ ಒತ್ತಿದಾಗ ಇಂಜಿನ್ ಸದ್ದು ಕುಗ್ಗಿದ್ರೆ ಒಳಗೆ ಏನೋ ಹಿಡ್ಕೊಂಡಿದೆ ಅಂತ ಅರ್ಥ. ನಂದು ಹೊಸ ಕೇಬಲ್ ಹಾಕಿದ್ಮೇಲೂ ಕುಗ್ತು.

ಆಗ ಕವರ್ ಬಿಚ್ಚಿದ್ರು. ಸ್ಟೀಲ್ ಪ್ಲೇಟ್ ಒಂದೊಂದೇ ದಪ್ಪ ಗಾಜಿನ ಮೇಲಿಟ್ಟು ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ತೂರ್ಸಿ ನೋಡಿದ್ರು, ಒಂದೂ ಡೊಂಕಿಲ್ಲ. ತೊಂದ್ರೆ ಇದ್ದಿದ್ದು ಕ್ಲಚ್ ಹೌಸಿಂಗಲ್ಲಿ, ಅಂದ್ರೆ ಪ್ಲೇಟ್‌ಗಳು ಕೂರೋ ಬುಟ್ಟಿಯಂಥ ಭಾಗದಲ್ಲಿ. ಪ್ಲೇಟಿನ ಹಲ್ಲು ಕೂರೋ ಬೆರಳುಗಳಲ್ಲಿ ವರ್ಷಗಟ್ಟಲೆ ಬಡಿದು ಬಡಿದು ತೋಡು ಬಿದ್ದಿತ್ತು, ಉಗುರು ಇಟ್ರೆ ಒಳಗೆ ಸಿಕ್ಕಾಕ್ಕೊಳ್ತಿತ್ತು. ಕ್ಲಚ್ ಹಿಡಿದಾಗ ಪ್ಲೇಟ್‌ಗಳು ಜಾರಿ ಬಿಡಿ ಆಗ್ಬೇಕಲ್ಲ, ಆ ತೋಡಲ್ಲಿ ಸಿಕ್ಕು ನಿಂತುಬಿಡ್ತಿದ್ವು. ಪ್ಲೇಟ್ ಬದ್ಲಿಸಿದೋರೂ ಇದೇ ಕವರ್ ಬಿಚ್ಚಿರ್ತಾರೆ, ಇದು ಕಣ್ಣಿಗೆ ಬೀಳಲಿಲ್ವಾ ಅಂತ ನಂಗೆ ಈಗ್ಲೂ ಬೇಜಾರು. ಮೇಲುಮೇಲೆ ಇದ್ದಿದ್ರೆ ಅರ ಹಾಕಿ ನುಣ್ಣಗೆ ಮಾಡ್ತಿದ್ದೆ ಸರ್, ಇಷ್ಟು ಆಳಕ್ಕೆ ಬೇಡ ಅಂತ ಹೇಳಿ ಹೊಸ ಹೌಸಿಂಗೇ ಹಾಕಿದ್ರು, ಇದ್ದ ಪ್ಲೇಟ್ ಚೆನ್ನಾಗಿವೆ ಅಂತ ಅವನ್ನೇ ಆಯಿಲಲ್ಲಿ ನೆನೆಸಿ ವಾಪಸ್ ಕೂರ್ಸಿದ್ರು. ಬೇಕಂದ್ರೆ ಇನ್ನೊಂದು ಸೆಟ್ ಮಾರಬಹುದಿತ್ತು, ಮಾರಲಿಲ್ಲ.

ಹೌಸಿಂಗ್, ಕೇಬಲ್, ಗ್ಯಾಸ್ಕೆಟ್, ಆಯಿಲ್, ಕೂಲಿ ಎಲ್ಲ ಸೇರಿ 2,350 ಆಯ್ತು. ಹಳೇ ಹೌಸಿಂಗ್ ಕೈಗೇ ಕೊಟ್ರು.

ಕೊರತೆ ಅಂದ್ರೆ, ಸಂಜೆ ಕೊಡ್ತೀನಿ ಅಂದಿದ್ದು ಮೂರನೇ ದಿನಕ್ಕೆ, ಪಾರ್ಟ್ ಬರೋದು ತಡ ಆದಾಗ ಒಂದು ಫೋನ್ ಮಾಡಿದ್ರೆ ನಾನು ಹರಿಹರದ ಬಸ್ಸಿಗೆ ಮೊದ್ಲೇ ತಯಾರಾಗ್ತಿದ್ದೆ. ಬಿಲ್ಲೂ ಚೀಟೀಲೇ ಬರ್ಕೊಡ್ತಾರೆ. ನಿಲ್ಲೋಕೆ ನೆರಳಿಲ್ಲ.

ಈಗ ಒಂದು ತಿಂಗಳಾಯ್ತು, ನಿಂತಲ್ಲೇ ಒಂದೇ ಬೆರಳಷ್ಟು ಒತ್ತಿದ್ರೆ ನ್ಯೂಟ್ರಲ್ ಬೀಳುತ್ತೆ. ನೀವು ಹೋಗೋದಾದ್ರೆ ಗಾಡಿ ಹಿಂದಿನ ರಾತ್ರಿನೇ ಅಲ್ಲಿ ಬಿಟ್ಟು ಬಂದು ಬೆಳಿಗ್ಗೆ ಹೋಗಿ, ತಣ್ಣಗಿದ್ದಾಗ ಒಂದ್ಸಲ, ಕಾದ್ಮೇಲೆ ಒಂದ್ಸಲ ಅವ್ರೇ ಓಡ್ಸಿ ನೋಡ್ತಾರೆ.